ಖುಷ್ಕಿ ಹೊಲ ಅಂದ್ರ ಖುಷಿಲಿಂದ ಕೊಟ್ಟ ಹೊಲ ಅಲ್ಲಂತ! ನಿಮಗ ಗೊತ್ತಿತ್ತಾ?

ಎರಿಹೊಲ (ಚಿತ್ತಾಪುರ ಕಡಿ)
ನಗಬ್ಯಾಡ್ರಿ ಮತ್ತ. ನಮ್ಮ ಮುತ್ಯಾ ಇದ್ದಾಗ ಹಳ್ಳದ ಕಡಿ ಹೊಲಕ್ಕ ಯಾವಾಗ್ಲೂ "ಅದು ಖುಷ್ಕಿ ಅದ" ಅಂತಿದ್ದ. ಆ ಹೊಲ ಅವನಿಗಿ ಹೆಣ್ಣು ಕೊಟ್ಟ ಮಾವ ಕೊಟ್ಟಿದ್ದು, ಹಂಗಾಗಿ ಖುಷಿಲಿಂದ ಕೊಟ್ಟಿದ್ದಕ್ಕ ಖುಷ್ಕಿ ಅಂತಾರ ಅಂತ ನನ್ ತಲ್ಯಾಗ ಸಣ್ಣಾವಿದ್ದಾಗಲಿಂದ ಕುಂತುಬಿಟ್ಟದ. ಹೋದ ವಾರ ಮನ್ಯಾಗ ಪಾಲಿನ ಮಾತು ಬಂತು, ನಾ ದೊಡ್ಡ ತಿಳದಾವ್ರಂಗ "ಕಾಕಾ ಅದು ಖುಷ್ಕಿ, ಅದರಾಗ ಪಾಲು ಬರಂಗಿಲ್ಲ" ಅಂದೆ. ಕಾಕಾ ಚಾ ಕುಡಿಲತ್ತಿದ್ದ, ನಕ್ಕೋತ ನೆತ್ತಿಗೇರಿಸ್ಕೊಂಡ. "ಯಪ್ಪಾ, ನಮ್ಮೂರಾಗ ಮುಕ್ಕಾಲು ಹೊಲ ಖುಷ್ಕಿನೇ ಅವ, ಯಾರಿಗೂ ಪಾಲು ಕೊಡದು ಬ್ಯಾಡೇನು?" ಅಂದ. ಅರ್ಥ ಮಾತ್ರ ಹೇಳ್ಲಿಲ್ಲ.
ಇನ್ನೊಂದು, ಪಹಣಿದಾಗ ಒಟ್ಟು 4-20, ಅದರಾಗ ಖರಾಬ್ 0-06 ಅಂತದ. ಎಲ್ಲದ ಖರಾಬ್? ಹೊಲದ ತುಂಬ ತೊಗರಿ ಎದಿಮಟ ಬರ್ತದ.

ಗುಂಬಜ್
ಖುಷ್ಕಿ ಅಂದ್ರ ನಿಜಾಮ ಇನಾಮು ಕೊಟ್ಟ ಜಮೀನು ಇರಬೇಕು ನೋಡ್ರಿ.

ಬೀದರ್ ಮಂದಿ
ಇನಾಮು ಬ್ಯಾರೆ ಅಣ್ಣಾ, ಅದಕ್ಕ ಇದಕ್ಕ ಸಂಬಂಧ ಇಲ್ಲ. ಪಾರ್ಸಿದಾಗ ಖುಷ್ಕ್ ಅಂದ್ರ ಒಣಾ. ನೀರಾವರಿ ಇಲ್ದ, ಬರೇ ಮಳಿ ಮ್ಯಾಲ ಬೆಳಿಯೋ ಹೊಲ ಖುಷ್ಕಿ. ಖುಷಿ ಅನ್ನೋದು ಖುಷ್ ಲಿಂದ ಬಂದದ್ದು, ಕೇಳ್ಲಿಕ್ಕ ಒಂದೇ ಅನಸ್ತದ ಆದ್ರ ಶಬ್ದ ಬ್ಯಾರೆ. ಎರಿಹೊಲ ಅವ್ರೇ, ದಾವತ್‌ನಾಗ ಖುಷ್ಕಾ ತಿಂದಿಲ್ಲೇನ್ರಿ? ಮಟನ್ ಇಲ್ದ ಬರೇ ಅನ್ನ. ಅದೂ ಇದೇ ಖುಷ್ಕ್. ನೀರು ನಿಲ್ಲೋ ಹೊಲಕ್ಕ ತರಿ ಅಂತಾರಲ್ಲ, ತರ್ ಅಂದ್ರ ಹಸಿ, ಸಾರಿನ ತರಿನೂ ಅದೇ. ಬಾಗ್ ಅಂದ್ರ ತ್ವಾಟ, ಅದರಿಂದ ಬಾಗಾಯ್ತು. ಹೋಟೆಲ್‌ದಾಗ ಕುಂತು ಖುಷ್ಕಾಕ್ಕ ತರಿ ಹಾಕಿಸ್ಕೊಂಡ್ರ ಅರ್ಧಾ ಕಂದಾಯ ಇಲಾಖೆ ತಟ್ಟಿದಾಗ ಬಂದಂಗ.

ಕಲ್ಪತರು
ನಂದು ತುಮಕೂರು, ಕೆಲಸ ಕಲಬುರಗಿಲಿ. ನಿಜಾಮನ ಕಾಲದ್ದು ಅಂತೇನಿಲ್ಲ, ನಮ್ ಕಡೆ ಪತ್ರದಲ್ಲೂ ಖುಷ್ಕಿ ಅಂತಾನೇ ಬರೀತಾರೆ, ಮಾತಾಡುವಾಗ ಬೆದ್ದಲು ಅಂತೀವಿ ಅಷ್ಟೆ. ನಾನು ಚಿಕ್ಕೋನಿದ್ದಾಗ 'ಸದರಿ' ಅಂದ್ರೆ ಯಾರೋ ಭಾರಿ ಜಮೀನ್ದಾರ ಅನ್ಕೊಂಡಿದ್ದೆ, ಯಾವ್ ಪತ್ರ ತೆಗೆದ್ರೂ ಸದರಿ ಜಮೀನು, ಸದರಿ ಮನೆ, ಸದರಿ ಬಾವಿ, ಎಲ್ಲಾ ಅವನದ್ದೇ! ಮೇಲೆ ಹೇಳಿದ ಅಂತ ಅರ್ಥ ಅನ್ನೋದು ಡಿಗ್ರಿಗೆ ಬಂದ್ಮೇಲೆ ಗೊತ್ತಾಗಿದ್ದು.

ಶೋರಾಪುರ
ಖರಾಬ್ ಅಂದ್ರ ಮಣ್ಣು ಕೆಟ್ಟದ ಅಂತಲ್ರಿ, ಕಂದಾಯ ಹಾಕಲಾರದ ಜಾಗ. ಪಹಣಿದಾಗ ಅ, ಬ ಅಂತ ಎರಡಿರ್ತಾವ ನೋಡ್ರಿ. ಅ ಅಂದ್ರ ಸಾಗುವಳಿಗಿ ಬರಲಾರದ್ದು, ಹೊಲದಾವ್ರು ಕಟ್ಟಿದ ಕೊಟಗಿ, ರಾಶಿ ಮಾಡೋ ಕಣ ಇದರಾಗೇ ಬರ್ತಾವ. ಬ ಅಂದ್ರ ದಾರಿ, ಹಳ್ಳ, ಕೆರಿ, ಮಂದಿ ಬಳಸೋದು, ಅದಕ್ಕ ಕೈ ಹಚ್ಚಬ್ಯಾಡ್ರಿ. ಮತ್ತ 4-20 ಅಂದ್ರ ನಾಕೂವರಿ ಎಕರೆ, ಎಕರೆಕ್ಕ 40 ಗುಂಟೆ. ಪಾಯಿಂಟ್ ಅಂತ ತಿಳಕೊಂಡು 4.2 ಲೆಕ್ಕ ಹಾಕಿ ಪಾಲು ಮಾಡ್ಕೊಂಡು ಕುಂತೀರಿ!

ಎರಿಹೊಲ
ಪಾಯಿಂಟ್ ಅಂತೇ ಲೆಕ್ಕ ಹಾಕಿದ್ದೆ, ಛಲೋ ಹೇಳಿದ್ರಿ. ಖರಾಬ್ 'ಅ'ದಾಗ ಅದ. ಅವ್ವಗ ಕೇಳ್ದೆ, ಅಲ್ಲಿ ಮುತ್ಯಾನ ಕಣ ಇತ್ತಂತ, ರಾಶಿ ಮಿಷನ್ ಬಂದ ಮ್ಯಾಲ ನಮ್ಮಪ್ಪ ಅದನ್ನೂ ಹರಗಿ ತೊಗರಿ ಬಿತ್ತಿದನಂತ. ಕಾಕಾ ಅಂತೂ ಫೋನ್ ಹಚ್ಚಿದ್ರ ಈಗ "ಏನ್ರಿ ಖುಷ್ಕಿ ಸಾಹೇಬ್ರ" ಅಂತಾನ.