‘ರೀಡೈರೆಕ್ಟ್’ ಮತ್ತು ‘ರೀರೈಟ್’: ಎರಡಕ್ಕೂ ‘ಮರುನಿರ್ದೇಶನ’ ಸಲ್ಲುತ್ತದೆಯೇ?

ಮಾನ್ಯರೇ,

ಹೋಸ್ಟಿಂಗ್ ಸೇವೆಯಲ್ಲಿ ಜಾಗ ಪಡೆದು ಸ್ವಂತ ಜಾಲತಾಣ ನಡೆಸುವವರಿಗಾಗಿ, ವೆಬ್ ಸರ್ವರ್‌ನ ಸೆಟ್ಟಿಂಗ್‌ಗಳನ್ನು ವಿವರಿಸುವ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಹೆಚ್ಚಿನ ಪದಗಳ ವಿಷಯದಲ್ಲಿ ತೊಡಕಿಲ್ಲ. ಕಡತ, ಅನುಮತಿ, ಗುಪ್ತಪದ ಮುಂತಾದವು ಈಗಾಗಲೇ ನೆಲೆಗೊಂಡಿವೆ. ಸರ್ವರ್, ಡೊಮೇನ್, ಪೋರ್ಟ್ ಎಂಬುವನ್ನು ಹಾಗೆಯೇ ಉಳಿಸಿಕೊಂಡರೆ ಯಾರೂ ಆಕ್ಷೇಪಿಸಲಾರರು. ‘ಕಾನ್ಫಿಗರೇಶನ್’ ಎಂಬುದನ್ನು ‘ಸಂರಚನೆ’ ಎಂದರೂ ‘ಸೆಟ್ಟಿಂಗ್’ ಎಂದರೂ ಅರ್ಥ ಕೆಡುವುದಿಲ್ಲ. ನನಗೆ ತೊಡಕಾಗಿರುವುದು ರೀಡೈರೆಕ್ಟ್ ಮತ್ತು ರೀರೈಟ್ ಎಂಬ ಜೋಡಿ. ಕನ್ನಡದ ಬರಹಗಳಲ್ಲಿ ಎರಡೂ ‘ಮರುನಿರ್ದೇಶನ’ ಅಥವಾ ‘ಪುನರ್ನಿರ್ದೇಶನ’ದೊಳಗೆ ಸೇರಿಹೋಗುವುದನ್ನು ಕಾಣುತ್ತೇನೆ. ಬೇರೆ ಕಡೆ ಪದ ಸಡಿಲವಾದರೆ ವಾಕ್ಯ ಮಾತ್ರ ಮಸುಕಾಗುತ್ತದೆ. ಇಲ್ಲಿ ಓದುಗರು ಬರೆಯುವ ಸೆಟ್ಟಿಂಗ್ ಸಾಲೇ ಬೇರೆಯಾಗುತ್ತದೆ.

ಎರಡರ ಕೆಲಸವನ್ನು ಮೊದಲು ಸ್ಪಷ್ಟಪಡಿಸುತ್ತೇನೆ. ರೀಡೈರೆಕ್ಟ್‌ನಲ್ಲಿ, ಬ್ರೌಸರ್ ಒಂದು ವಿಳಾಸವನ್ನು ಕೇಳಿದಾಗ, ಸರ್ವರ್ ಆ ಪುಟವನ್ನು ಕೊಡದೆ 301 (ಕಾಯಂ ಬದಲಾವಣೆ) ಅಥವಾ 302ರಂತಹ (ತಾತ್ಕಾಲಿಕ ಬದಲಾವಣೆ) ಸ್ಥಿತಿಸೂಚಕ ಸಂಖ್ಯೆಯೊಡನೆ ಬೇರೊಂದು ವಿಳಾಸವನ್ನು ‘ಲೊಕೇಶನ್’ ಎಂಬ ಸಾಲಿನಲ್ಲಿ ಬರೆದು ಕಳುಹಿಸುತ್ತದೆ. ಬ್ರೌಸರ್ ತಾನಾಗಿಯೇ ಆ ವಿಳಾಸಕ್ಕೆ ಮತ್ತೊಂದು ಕೋರಿಕೆ ಸಲ್ಲಿಸುತ್ತದೆ, ಮೇಲಿನ ವಿಳಾಸದ ಪಟ್ಟಿಯಲ್ಲಿಯೂ ಹೊಸದೇ ಕಾಣಿಸುತ್ತದೆ. ರೀರೈಟ್‌ನಲ್ಲಿ ಇಂತಹ ಮಾತುಕತೆ ನಡೆಯುವುದಿಲ್ಲ. ‘/ಲೇಖನ/25’ ಎಂದು ಬಂದ ಕೋರಿಕೆಯನ್ನು ಸರ್ವರ್ ತನ್ನೊಳಗೇ ‘/ಪುಟ.ಪಿಎಚ್‌ಪಿ?ಸಂಖ್ಯೆ=25’ ಎಂದು ಮಾಡಿಕೊಂಡು ಉತ್ತರ ಕೊಡುತ್ತದೆ; ಬ್ರೌಸರ್‌ಗೆ ಇದರ ಸುಳಿವೂ ಸಿಗುವುದಿಲ್ಲ. ಬಂದ ಕೋರಿಕೆಗಳನ್ನೆಲ್ಲ ದಾಖಲಿಸುವ, ಸರ್ವರ್‌ನ ಆಕ್ಸೆಸ್ ಲಾಗ್ ಎಂಬ ಕಡತವನ್ನು ತೆರೆದು ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಒಂದೇ ತಾಣದೊಳಗೆ ರೀಡೈರೆಕ್ಟ್ ನಡೆದಿದ್ದರೆ ಹಳೆಯ ವಿಳಾಸದ ಮುಂದೆ 301 ಎಂದು ಒಂದು ಸಾಲು, ಅದರ ಬೆನ್ನಿಗೇ ಹೊಸ ವಿಳಾಸದ ಮುಂದೆ 200 (ಕೋರಿಕೆ ಸಫಲ) ಎಂದು ಇನ್ನೊಂದು ಸಾಲು ಇರುತ್ತದೆ. ರೀರೈಟ್ ಆಗಿದ್ದರೆ ಇರುವುದು ಒಂದೇ ಸಾಲು, ಅದೂ ಬ್ರೌಸರ್ ಕೇಳಿದ ವಿಳಾಸದ ಹೆಸರಿನಲ್ಲಿ.

‘ಹಳೆಯ ವಿಳಾಸವನ್ನು ಹೊಸ ವಿಳಾಸಕ್ಕೆ ಮರುನಿರ್ದೇಶಿಸಿ’ ಎಂದಷ್ಟೇ ಬರೆದರೆ, ಇವೆರಡರಲ್ಲಿ ಯಾವುದು ಬೇಕು ಎಂದು ಓದುಗರಿಗೆ ತಿಳಿಯುವ ದಾರಿಯಿಲ್ಲ. ರೀಡೈರೆಕ್ಟ್ ಇರಬೇಕಾದಲ್ಲಿ ರೀರೈಟ್ ಬರೆದರೆ ಹಳೆಯ ಮತ್ತು ಹೊಸ ವಿಳಾಸಗಳೆರಡೂ ಒಂದೇ ಪುಟವನ್ನು ಕೊಡುತ್ತ ಉಳಿಯುತ್ತವೆ, ಹುಡುಕು ಯಂತ್ರಗಳಿಗೆ ಅದು ಎರಡು ಪುಟಗಳಂತೆ ತೋರಬಹುದು. ಇನ್ನೂ ಹೆಚ್ಚು ಕಾಡುವುದು ವಿನ್ಯಾಸದ ತೊಂದರೆ. ಪುಟದೊಳಗಿನ ಚಿತ್ರಗಳಿಗೆ ಮತ್ತು ವಿನ್ಯಾಸವನ್ನು ನಿರ್ಧರಿಸುವ ಸಿಎಸ್‌ಎಸ್ ಕಡತಗಳಿಗೆ ಪೂರ್ಣ ವಿಳಾಸ ಕೊಡದೆ ಬರೀ ಹೆಸರನ್ನು ಕೊಟ್ಟಿದ್ದರೆ, ಬ್ರೌಸರ್ ಅವನ್ನು ತನಗೆ ಕಾಣುವ ವಿಳಾಸದ ಪ್ರಕಾರ, ಅಂದರೆ ‘/ಲೇಖನ/’ ಎಂಬ ಇಲ್ಲದ ಕೋಶದಲ್ಲಿ, ಹುಡುಕುತ್ತದೆ. ಅಕ್ಷರಗಳೆಲ್ಲ ಬರುತ್ತವೆ, ವಿನ್ಯಾಸ ಮಾತ್ರ ಬರುವುದಿಲ್ಲ. ಆಗ ಓದುಗರು ಸಿಎಸ್‌ಎಸ್ ಕಡತವನ್ನು ತಿದ್ದುತ್ತ ಕೂರುತ್ತಾರೆಯೇ ಹೊರತು ಸರ್ವರ್‌ನ ಸಾಲಿನ ಕಡೆಗೆ ನೋಡುವುದಿಲ್ಲ.

ತಂತ್ರಾಂಶಗಳೂ ಈ ಗೊಂದಲಕ್ಕೆ ತಮ್ಮ ಪಾಲು ಸೇರಿಸಿವೆ. ಅಪಾಚಿ ಎಂಬ ವೆಬ್ ಸರ್ವರ್ ತಂತ್ರಾಂಶದಲ್ಲಿ ‘ರೀರೈಟ್‌ರೂಲ್’ ಎಂಬ ಒಂದೇ ಆದೇಶ ಎರಡೂ ಕೆಲಸ ಮಾಡುತ್ತದೆ: ಸಾಲಿನ ಕೊನೆಯ ಚೌಕ ಆವರಣದಲ್ಲಿ ‘ಆರ್’ ಎಂದು ಬರೆದರೆ ಅದು ರೀಡೈರೆಕ್ಟ್ ಆಗುತ್ತದೆ, ಸಂಖ್ಯೆ ಕೊಡದಿದ್ದರೆ 302 ಎಂದೇ ಲೆಕ್ಕ, ‘ಆರ್’ ಬಿಟ್ಟರೆ ಸಾಮಾನ್ಯವಾಗಿ ಅದು ಒಳಗಿನ ರೀರೈಟ್. ಅಂತಹದೇ ಇನ್ನೊಂದು ತಂತ್ರಾಂಶವಾದ ಎಂಜಿನ್‌ಎಕ್ಸ್‌ನಲ್ಲಿ ‘ರೀರೈಟ್’ ಸಾಲಿನ ಕೊನೆಗೆ ‘ಲಾಸ್ಟ್’ ಅಥವಾ ‘ಬ್ರೇಕ್’ ಇದ್ದರೆ ಒಳಗಿನ ಕೆಲಸ, ‘ಪರ್ಮನೆಂಟ್’ ಇದ್ದರೆ 301, ‘ರೀಡೈರೆಕ್ಟ್’ ಇದ್ದರೆ 302. ಹೊಸ ವಿಳಾಸ ‘ಎಚ್‌ಟಿಟಿಪಿ’ಯಿಂದ ಪೂರ್ಣವಾಗಿ ಆರಂಭವಾಗಿದ್ದರಂತೂ ಯಾವ ಗುರುತೂ ಇಲ್ಲದೆ ಅದು ರೀಡೈರೆಕ್ಟ್ ಆಗಿಬಿಡುತ್ತದೆ. ಆದ್ದರಿಂದ ಆದೇಶದ ಹೆಸರನ್ನು ನೋಡಿ ಕನ್ನಡ ಪದವನ್ನು ಆರಿಸಿದರೆ ಸಾಲದು. ನಡೆಯುವ ಕೆಲಸವನ್ನು ನೋಡಿಯೇ ಹೆಸರಿಡಬೇಕು.

‘ಮರು’ ಎಂಬ ರೂಪದ ಬಗ್ಗೆಯೂ ನನಗೆ ಅನುಮಾನವಿದೆ. ಮರುಮುದ್ರಣ, ಮರುಮೌಲ್ಯಮಾಪನ, ಮರುಪರೀಕ್ಷೆ ಎಂಬಲ್ಲಿ ಅದು ‘ಮತ್ತೊಮ್ಮೆ’ ಎಂಬ ಅರ್ಥವನ್ನು ಕೊಡುತ್ತದೆ. ಮರುದಿನ, ಮರುಕ್ಷಣ ಎಂಬಲ್ಲಿ ‘ಮುಂದಿನ’ ಎಂದಾಗುತ್ತದೆ. ಮರುಮಾತು ಎಂಬಲ್ಲಿ ‘ಎದುರಾಗಿ ಬರುವ’ ಎಂದಾಗುತ್ತದೆ. ರೀಡೈರೆಕ್ಟ್‌ಗೆ ಬೇಕಾದ ‘ಬೇರೊಂದು ಕಡೆಗೆ’ ಎಂಬ ಅರ್ಥ ಇವುಗಳಲ್ಲಿ ಯಾವುದರಲ್ಲಿಯೂ ನೇರವಾಗಿಲ್ಲ. ‘ನಿರ್ದೇಶನ’ದ್ದು ಇನ್ನೊಂದು ತೊಡಕು. ಕಾನ್ಫಿಗರೇಶನ್ ಕಡತದ ಪ್ರತಿಯೊಂದು ಸಾಲನ್ನೂ ‘ಡೈರೆಕ್ಟಿವ್’ ಎನ್ನುತ್ತಾರೆ, ಅದಕ್ಕೂ ಹಲವರು ‘ನಿರ್ದೇಶನ’ ಎಂದೇ ಬರೆಯುತ್ತಾರೆ. ಆಗ ‘ಮರುನಿರ್ದೇಶನದ ನಿರ್ದೇಶನವನ್ನು ಸೇರಿಸಿ’ ಎಂಬಂತಹ ವಾಕ್ಯಗಳು ಹುಟ್ಟುತ್ತವೆ. ಸಿನಿಮಾ ನಿರ್ದೇಶನದ ನೆನಪು ಬಂದರೆ ಓದುಗರನ್ನು ದೂರುವಂತಿಲ್ಲ. ಡೈರೆಕ್ಟಿವ್‌ಗೆ ‘ಆದೇಶ’ ಎಂದು ಇಟ್ಟುಕೊಂಡು ನಾನು ಈ ಇಕ್ಕಟ್ಟಿನಿಂದ ಸದ್ಯಕ್ಕೆ ಪಾರಾಗಿದ್ದೇನೆ.

‘ರವಾನೆ’ಯನ್ನು ಆಧರಿಸಿದ ಪದವನ್ನು ಕೆಲವರು ಸೂಚಿಸಬಹುದು. ಅಂಚೆಯವರು ಮನೆ ಬದಲಿಸಿದವರ ಪತ್ರವನ್ನು ಹೊಸ ಮನೆಗೆ ತಾವೇ ತಲುಪಿಸುತ್ತಾರೆ. ರೀಡೈರೆಕ್ಟ್‌ನಲ್ಲಿ ಸರ್ವರ್ ಹೊಸ ವಿಳಾಸವನ್ನು ಹೇಳಿ ಸುಮ್ಮನಾಗುತ್ತದೆ, ಹೋಗಬೇಕಾದದ್ದು ಬ್ರೌಸರ್. ಅಂಚೆಯ ಕೆಲಸಕ್ಕೆ ನಿಜವಾಗಿ ಹತ್ತಿರವಾದದ್ದು ಪ್ರಾಕ್ಸಿ: ಅಲ್ಲಿ ಸರ್ವರ್ ಕೋರಿಕೆಯನ್ನು ಇನ್ನೊಂದು ಸರ್ವರ್‌ಗೆ ಒಯ್ದು, ಉತ್ತರವನ್ನು ತಾನೇ ತಂದುಕೊಡುತ್ತದೆ. ಅಪಾಚಿಯ ಅದೇ ಚೌಕ ಆವರಣದಲ್ಲಿ ‘ಪಿ’ ಎಂದು ಬರೆದರೆ ಆಗುವುದು ಇದೇ ಆದ್ದರಿಂದ, ‘ರವಾನೆ’ಯನ್ನು ಅದಕ್ಕಾಗಿಯೇ ಕಾಯ್ದಿರಿಸುವುದು ಲೇಸು.

ಕ್ರಿಯಾಪದದ ಪ್ರಶ್ನೆ ನಾಮಪದಕ್ಕಿಂತ ಹೆಚ್ಚು ಸೂಕ್ಷ್ಮವಾದದ್ದು. ಈ ಕೆಲಸ ಮಾಡುವವರು ಆಡುಮಾತಿನಲ್ಲಿ ‘ಆ ಪುಟ ಇಲ್ಲಿಗೆ ರೀಡೈರೆಕ್ಟ್ ಆಗುತ್ತದೆ’ ಎನ್ನುತ್ತಾರೆ. ‘ಆಗು’ ಬಂದ ಕೂಡಲೇ ಮಾಡುವವರು ಮರೆಯಾಗುತ್ತಾರೆ, ಪುಟವೇ ಎದ್ದು ಹೋದಂತೆ ತೋರುತ್ತದೆ. ‘ಮರುನಿರ್ದೇಶಿಸಲ್ಪಡುತ್ತದೆ’ ಎಂಬ ಕರ್ಮಣಿ ರೂಪವೂ ಅಷ್ಟನ್ನೇ, ಹೆಚ್ಚು ಶ್ರಮಪಟ್ಟು, ಹೇಳುತ್ತದೆ. ಕೈಪಿಡಿಯಲ್ಲಿ ಕರ್ತೃವನ್ನು ಬಿಡದೆ ‘ಸರ್ವರ್ ಬ್ರೌಸರನ್ನು ಹೊಸ ವಿಳಾಸಕ್ಕೆ ಕಳುಹಿಸುತ್ತದೆ’, ‘ಸರ್ವರ್ ಕೇಳಿದ ವಿಳಾಸವನ್ನು ತನ್ನೊಳಗೆ ಬದಲಿಸಿಕೊಳ್ಳುತ್ತದೆ’ ಎಂದು ಬರೆದು ನೋಡಿದ್ದೇನೆ. ‘ಬದಲಿಸಿಕೊಳ್ಳು’ ಎಂಬಲ್ಲಿನ ‘ಕೊಳ್ಳು’ ಇಡೀ ವಿವರಣೆಯ ಅರ್ಧ ಭಾರವನ್ನು ಹೊರುತ್ತದೆ ಎಂದು ನನಗೆ ಅನಿಸುತ್ತದೆ.

301 ಮತ್ತು 302ರ ಹೆಸರುಗಳನ್ನು ಇಂಗ್ಲಿಷಿನಿಂದ ನೇರವಾಗಿ ತರುವುದು ಅಪಾಯಕಾರಿ. 1996ರಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.0ರ ವಿವರಣೆಯಲ್ಲಿ 302ರ ಹೆಸರು ‘ಮೂವ್ಡ್ ಟೆಂಪೊರರಿಲಿ’ ಎಂದಿತ್ತು. 1999ರ ಎಚ್‌ಟಿಟಿಪಿ 1.1ರ ವಿವರಣೆಯಲ್ಲಿ ಅದು ‘ಫೌಂಡ್’ ಎಂದಾಗಿದೆ. ಇದನ್ನು ‘ದೊರೆತಿದೆ’ ಎಂದು ಬರೆದರೆ ಓದುಗರು ಅದನ್ನು 404ರ (‘ನಾಟ್ ಫೌಂಡ್’, ಪುಟ ಸಿಗಲಿಲ್ಲ) ವಿರುದ್ಧಪದ ಎಂದುಕೊಳ್ಳುವುದು ಸಹಜ. ಅರ್ಜಿ ನಮೂನೆಗಳಿಂದ ಪರಿಚಿತವಾಗಿರುವ ‘ಕಾಯಂ ವಿಳಾಸ’, ‘ತಾತ್ಕಾಲಿಕ ವಿಳಾಸ’ ಎಂಬ ಜೋಡಿ ಇಲ್ಲಿ ಚೆನ್ನಾಗಿ ಒದಗುತ್ತದೆ. ‘ಶಾಶ್ವತ’ ಎಂಬುದು ನನಗೆ ತುಸು ಭಾರವೆನಿಸಿದರೂ ಅದರ ಪರವಾಗಿ ಒಂದು ವಾದವಿದೆ: 301ನ್ನು ಬ್ರೌಸರ್‌ಗಳು ನೆನಪಿನಲ್ಲಿಟ್ಟುಕೊಂಡು, ಸರ್ವರ್‌ನಲ್ಲಿ ಆ ಸಾಲನ್ನು ಅಳಿಸಿದ ಮೇಲೂ ಹೊಸ ವಿಳಾಸಕ್ಕೇ ಹೋಗುತ್ತಿರಬಹುದು. ಪದದ ಭಾರವೇ ಎಚ್ಚರಿಕೆಯಾಗುವುದಾದರೆ ಆಗಲಿ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಸದ್ಯದ ಕರಡಿನಲ್ಲಿ ರೀಡೈರೆಕ್ಟ್‌ಗೆ ‘ಮರುನಿರ್ದೇಶನ’ವನ್ನೇ ಉಳಿಸಿಕೊಂಡಿದ್ದೇನೆ, ಏಕೆಂದರೆ ದೋಷಗಳಿದ್ದರೂ ಓದುಗರ ಕಣ್ಣಿಗೆ ಅದು ಪರಿಚಿತ. ರೀರೈಟ್‌ಗೆ ‘ಮರುಬರಹ’ ಎಂದರೆ ಲೇಖನವನ್ನು ತಿದ್ದಿ ಬರೆದಂತಾಗುತ್ತದೆ, ‘ವಿಳಾಸ ಬದಲಾವಣೆ’ ಎಂದರೆ ಡೊಮೇನ್ ಹೆಸರೇ ಬದಲಾದಂತೆ ಕೇಳಿಸುತ್ತದೆ. ಆದ್ದರಿಂದ ‘ಒಳಮಾರ್ಪಾಟು’ ಎಂದು ಬರೆದಿದ್ದೇನೆ. ಒಳನೋಟ, ಒಳಹರಿವು, ಒಳಮೀಸಲಾತಿಗಳ ಜೊತೆಗೆ ಇದು ನಿಲ್ಲಬಲ್ಲದು ಎಂಬುದು ನನ್ನ ಎಣಿಕೆ. ಆದರೆ ‘ರೀರೈಟ್‌ರೂಲ್’ ಎಂಬುದನ್ನು ‘ಒಳಮಾರ್ಪಾಟಿನ ನಿಯಮ’ ಎಂದರೆ, ‘ಆರ್’ ಸೇರಿ ಅದೇ ಸಾಲು ಮರುನಿರ್ದೇಶನವಾದಾಗ ಹೆಸರು ಸುಳ್ಳಾಗುತ್ತದೆ. ಆದೇಶಕ್ಕೆ ಒಂದು ವಿಶಾಲವಾದ ಹೆಸರು, ಅದರ ಎರಡು ಪರಿಣಾಮಗಳಿಗೆ ಬೇರೆ ಬೇರೆ ಹೆಸರುಗಳು ಬೇಕಾಗಿವೆ. ಆ ವಿಶಾಲವಾದ ಹೆಸರಿಗೆ ‘ವಿಳಾಸ ನಿಯಮ’ ಸಾಕಾಗುತ್ತದೆಯೇ? ಬಲ್ಲವರು ತಾವು ಬಳಸುವ ಪದವನ್ನು, ಸಾಧ್ಯವಾದರೆ ಅದು ಬಳಕೆಯಾದ ಒಂದು ಇಡೀ ವಾಕ್ಯದೊಡನೆ, ತಿಳಿಸಬೇಕಾಗಿ ಕೋರುತ್ತೇನೆ.