ಅಸ್ತಮಾದ ಹೊಸ ಮಾತ್ರೆ ಪರೀಕ್ಷೆಗೆ ಸೇರಬಹುದಾ ಡಾಕ್ಟರೇ?

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯಿಂದ): ಡಾಕ್ಟರೇ, ನನಗೆ 44 ವರ್ಷ, ಅಡಿಕೆ ತೋಟ ಇದೆ. ಹತ್ತು ವರ್ಷದಿಂದ ಅಸ್ತಮಾ. ಎರಡು ಹೊತ್ತೂ ಇನ್‌ಹೇಲರ್ ಎಳೆಯುತ್ತೇನೆ. ಆದರೂ ಮಳೆಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿದರೆ, ಅಟ್ಟದಿಂದ ಅಡಿಕೆ ಚೀಲ ಇಳಿಸಿದರೆ ರಾತ್ರಿ ಎದೆ ಸುಯ್ ಅನ್ನುತ್ತದೆ. ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಅಲರ್ಜಿ ತಡೆಯುವ ಹೊಸ ಮಾತ್ರೆಯ ಪರೀಕ್ಷೆಗೆ ಬರ್ತೀರಾ ಅಂತ ಕೇಳಿದ್ದಾರೆ. ಅರ್ಧ ಜನಕ್ಕೆ ಔಷಧಿಯೇ ಇಲ್ಲದ ಮಾತ್ರೆಯಂತೆ. ನನಗೆ ಅದೇ ಬಂದರೆ ಏನು ಗತಿ? ಮನೆಯಲ್ಲಿ ಬೇಡ ಅಂತಿದ್ದಾರೆ.

ಉತ್ತರ (ಶ್ವಾಸಕೋಶ ತಜ್ಞೆ, ಕಾರವಾರ): ಮನೆಯವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಇಂಥ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಈಗಿನ ಇನ್‌ಹೇಲರ್ ಜೊತೆಗೇ ಮಾತ್ರೆ ಕೊಡುತ್ತಾರೆ. ಆದರೆ ಬಾಯಿಮಾತು ನಂಬಬೇಡಿ, ಒಪ್ಪಿಗೆ ಪತ್ರದಲ್ಲಿ ಓದಿ ನೋಡಿ. ಇನ್‌ಹೇಲರ್ ನಿಲ್ಲಿಸಿ ಅಂತಿದ್ದರೆ ನಾನಂತೂ ಸೇರಿ ಅನ್ನುವುದಿಲ್ಲ.

ಖಾಲಿ ಮಾತ್ರೆ ಯಾಕೆ ಅಂತೀರಾ? ಅಸ್ತಮಾ ತಾನಾಗೇ ಏರಿಳಿಯುವ ಕಾಯಿಲೆ. ಜುಲೈಯಲ್ಲಿ ಮಾತ್ರೆ ಶುರು ಮಾಡಿ ಡಿಸೆಂಬರ್‌ನಲ್ಲಿ ಆರಾಮಾದರೆ ಅದು ಮಾತ್ರೆಯಿಂದಲೋ, ಬೂಷ್ಟು ಒಣಗಿದ್ದರಿಂದಲೋ? ಅದಕ್ಕೇ ಯಾರಿಗೆ ಯಾವುದು ಅಂತ ನಿಮಗೂ ಗೊತ್ತಿರುವುದಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿರುವುದಿಲ್ಲ. ಫೆವಿಪಿಪ್ರಾಂಟ್ ಅನ್ನುವ ಮಾತ್ರೆ ಚಿಕ್ಕ ಪರೀಕ್ಷೆಗಳಲ್ಲಿ ಒಳ್ಳೆ ಆಸೆ ಹುಟ್ಟಿಸಿತ್ತು. ದೊಡ್ಡ ಪರೀಕ್ಷೆಗಳಲ್ಲಿ ಖಾಲಿ ಮಾತ್ರೆಯ ಎದುರು ನಿಲ್ಲಲಿಲ್ಲ. 2019ರಲ್ಲಿ ಕಂಪನಿಯೇ ಅಸ್ತಮಾಕ್ಕೆ ಅದನ್ನು ಕೈಬಿಟ್ಟಿತು.

ಪತ್ರ ಕನ್ನಡದಲ್ಲೇ ಕೇಳಿ. ಸಿಟಿಆರ್‌ಐ (ದೇಶದ ಔಷಧಿ ಪರೀಕ್ಷೆಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿ) ನೋಂದಣಿ ಸಂಖ್ಯೆಯನ್ನೂ ಕೇಳಿ. ಸಹಿ ಹಾಕಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು. ಇನ್ನೊಂದು ಮಾತು, ನನಗೆ ಇದೇ ಮುಖ್ಯ: ರಾತ್ರಿ ಎರಡು ಗಂಟೆಗೆ ಉಬ್ಬಸ ಬಂದರೆ ಯಾರಿಗೆ ಫೋನ್ ಮಾಡಬೇಕು? ಹುಬ್ಬಳ್ಳಿ ನಿಮಗೆ ಸುಮಾರು 100 ಕಿಲೋಮೀಟರ್. ಹತ್ತಿರದ ಆಸ್ಪತ್ರೆ ಯಾವುದು ಅಂತ ಮೊದಲೇ ಮಾತಾಡಿಕೊಳ್ಳಿ.

ಪ್ರಶ್ನೆ (ಅಂಕೋಲಾದಿಂದ): ಮೇಡಂ, ನಾನು ರಾತ್ರಿ ಮಾಂಟೆಲುಕಾಸ್ಟ್ ತಗೊಳ್ತೇನೆ. ಅದೂ ಇಂಥದ್ದೇ ಅಲ್ವಾ? ನಾನೂ ಸೇರಬಹುದಾ?

ಉತ್ತರ: ಹೌದು, ಅದೂ ಅಲರ್ಜಿಯ ಉರಿಯೂತ ತಗ್ಗಿಸುವ ಮಾತ್ರೆಯೇ. ಕೆಲವು ಪರೀಕ್ಷೆಗಳಲ್ಲಿ ಅದನ್ನು ತಗೊಳ್ಳುವವರನ್ನು ಸೇರಿಸುವುದಿಲ್ಲ. ಸೇರಬೇಕು ಅಂತ ಸುಮ್ನೆ ನೀವಾಗಿ ನಿಲ್ಲಿಸಬೇಡಿ. ಕೆಟ್ಟ ಕನಸು, ಸಿಡುಕು, ಮನಸ್ಸು ಕುಗ್ಗಿದ ಹಾಗೆ ಅನ್ನಿಸಿದರೆ ಮಾತ್ರ ತಕ್ಷಣ ನಿಮ್ಮ ಡಾಕ್ಟರಿಗೆ ಹೇಳಿ. 1998ರಿಂದ ಬಳಕೆಯಲ್ಲಿದ್ದರೂ 2020ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದರ ಬಗ್ಗೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿತು.

ಪ್ರಶ್ನೆ (ಶಿರಸಿಯವರು): ಥ್ಯಾಂಕ್ಸ್ ಮೇಡಂ. ದಿನಾ ಊದಿ ಬರೆಯಲು ಉಸಿರಿನ ವೇಗ ಅಳೆಯುವ ಒಂದು ಮೀಟರ್ ಕೊಡ್ತಾರಂತೆ. ಹೇಗೆ ಊದಬೇಕು?

ಉತ್ತರ: ಮುಳ್ಳನ್ನು ಸೊನ್ನೆಗೆ ತನ್ನಿ. ನಿಂತುಕೊಂಡು ಎದೆ ತುಂಬ ಉಸಿರೆಳೆದು, ತುಟಿ ಬಿಗಿಹಿಡಿದು, ಒಂದೇ ಸಲಕ್ಕೆ ಜೋರಾಗಿ ಊದಿ. ಹೀಗೆ ಮೂರು ಸಲ. ಎಲ್ಲಕ್ಕಿಂತ ಜಾಸ್ತಿ ಬಂದದ್ದನ್ನು ಬರೆಯಿರಿ. ಅಡಿಕೆ ಚೀಲ ಇಳಿಸಿದ ದಿನ ಅದನ್ನೂ ಪಕ್ಕದಲ್ಲಿ ಬರೆದಿಡಿ.