ಒಂಬತ್ತನೇ ಕ್ಲಾಸಿಗೆ ಕಿರುಚಿತ್ರ ತೋರಿಸಿದವರು ಅನುಭವ ಹೇಳಿ

ಪ್ರಶ್ನೆ: ನಮ್ಮ ಕ್ಲಾಸಲ್ಲಿ ಒಬ್ಬ ಹುಡುಗನನ್ನು ಎಲ್ಲರೂ ಸೇರಿ ಗೋಳು ಹುಯ್ದುಕೊಳ್ಳುತ್ತಾರೆ. ಬುದ್ಧಿ ಹೇಳಿ ಸಾಕಾಯ್ತು. ಕಿರುಚಿತ್ರ ತೋರಿಸಿದರೆ ನಾಟುತ್ತದಾ?

ಹಾಸನದ ಮೇಷ್ಟ್ರು: ಮೊದಲು ಖರ್ಚು ಕೇಳಿ. ಪ್ರೊಜೆಕ್ಟರ್ ಬಲ್ಬ್ 4,800. ಸ್ಪೀಕರ್ 1,900. ಕಿಟಕಿಗೆ ಕಪ್ಪು ಬಟ್ಟೆ 640. ಎಲ್ಲಾ ನನ್ನ ಜೇಬಿಂದಲೇ. ಬಿಲ್ ಕೊಟ್ಟರೆ 'ಯಾವ ಅನುದಾನಕ್ಕೆ ಹಾಕೋದು' ಅಂದರು. ತೋರಿಸಿದ್ದು ಸತ್ಯಜಿತ್ ರಾಯ್ 1964ರಲ್ಲಿ ಮಾಡಿದ 'ಟೂ'. ಮಾತೇ ಇಲ್ಲ, ಹಾಗಾಗಿ ಭಾಷೆಯ ತಾಪತ್ರಯವಿಲ್ಲ. ಸಿರಿವಂತರ ಹುಡುಗ ಕಿಟಕಿಯಿಂದಲೇ ಏರ್‌ಗನ್ ಹಿಡಿದು ಗುಡಿಸಲ ಹುಡುಗನ ಗಾಳಿಪಟ ಹೊಡೆದು ಬೀಳಿಸುತ್ತಾನೆ. ನಮ್ಮ ಹುಡುಗರು ಚಪ್ಪಾಳೆ ತಟ್ಟಿದರು! ಅಲ್ಲೇ ನಿಲ್ಲಿಸಿ, 'ಯಾರಿಗೆ ತಟ್ಟಿದಿರಿ?' ಅಂತ ಕೇಳಿದೆ. ಪೀರಿಯಡ್ ಮುಗಿಯುವ ತನಕ ಅದೇ ಚರ್ಚೆ.

ಧಾರವಾಡದ ಟೀಚರ್: ಮಧ್ಯೆ ನಿಲ್ಲಿಸಿದರೆ ಅದು ಸಿನಿಮಾ ಅಲ್ಲ ಸರ್, ಪಾಠ. ನಾನು ಕೆನಡಾದ ನಿರ್ದೇಶಕ ನಾರ್ಮನ್ ಮೆಕ್ಲಾರೆನ್‌ ಅವರ 'ನೇಬರ್ಸ್' ಪೂರ್ತಿ ತೋರಿಸಿದೆ. 1952ರದು, ಎಂಟೇ ನಿಮಿಷ. ಎರಡು ಮನೆಗಳ ಗಡಿಯಲ್ಲಿ ಅರಳಿದ ಒಂದು ಹೂವಿಗೆ ಅಕ್ಕಪಕ್ಕದವರಿಬ್ಬರು ಬಡಿದಾಡುತ್ತಾರೆ. ಮನುಷ್ಯರೇ ಬೊಂಬೆಗಳ ಥರ ಜಾರಿಕೊಂಡು ಓಡಾಡುತ್ತಾರೆ, ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಒಬ್ಬರು ಇನ್ನೊಬ್ಬರ ಹೆಂಡತಿ, ಕೂಸಿನ ಮೇಲೂ ಕೈ ಮಾಡುತ್ತಾರೆ. ನಗು ನಿಂತೇ ಹೋಯ್ತು. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನನಗೆ ತರಾಟೆ. ಆದರೂ ಮತ್ತೆ ತೋರಿಸುತ್ತೇನೆ.

ಹಾಸನದ ಮೇಷ್ಟ್ರು: ಹದಿನಾಲ್ಕರ ಮಕ್ಕಳಿಗೆ ಕೂಸಿಗೆ ಹೊಡೆಯೋದು ತೋರಿಸಬೇಕಾ ಮೇಡಂ? ಆ ದೃಶ್ಯವನ್ನು ಒಂದು ಕಾಲದಲ್ಲಿ ಕತ್ತರಿಸಿಯೇ ತೋರಿಸುತ್ತಿದ್ದರು.

ಧಾರವಾಡದ ಟೀಚರ್: ಆಮೇಲೆ ವಾಪಸ್ ಸೇರಿಸಿದರು, ಅದನ್ನೂ ಹೇಳಿ. ನಿಮ್ಮ ಹುಡುಗರು ಚಪ್ಪಾಳೆ ತಟ್ಟಿದ್ದನ್ನು ಸಾಧನೆ ಅಂತ ಬರೆದುಕೊಂಡಿದ್ದೀರಲ್ಲ!

ಟೆನ್ತ್ ಹುಡುಗಿಯ ಅಪ್ಪ: ಇಬ್ಬರಿಗೂ ಒಂದು ಮಾತು. ಎಸ್‌ಎಸ್‌ಎಲ್‌ಸಿ ಪೋರ್ಷನ್ ಯಾವಾಗ ಮುಗಿಸುತ್ತೀರಿ? ನನ್ನ ಮಗಳಿಗೆ ನೋಡಿದ ಚಿತ್ರದ ಬಗ್ಗೆ ಎರಡು ಪುಟ 'ಅನಿಸಿಕೆ' ಬರೆಸಿದರು. ಪಕ್ಕದವಳದ್ದು ನೋಡಿ ಬರೆದಳು. ಪ್ರಾಮಾಣಿಕತೆ ಬಗ್ಗೆ!

ಮಂಡ್ಯದ ಪಿ.ಟಿ. ಸರ್: ಹ್ಹ ಹ್ಹ. ಬರೆಸಿದರೆ ಹಾಗೇ ಆಗೋದು. ನಾನು ಬರೆಸಲ್ಲ. ಮಕ್ಕಳನ್ನು ಗ್ರೌಂಡಿಗೆ ಕರೆದು, ಗೋಳು ಹುಯ್ದುಕೊಳ್ಳುವವನಿಗೇ ಆ ಪಾಪದ ಹುಡುಗನ ಪಾತ್ರ ಕೊಟ್ಟು ಆಡಿಸುತ್ತೇನೆ. ಅಂದ ಹಾಗೆ ಮೇಷ್ಟ್ರೇ, ಬಲ್ಬಿಗೆ 4,800 ಯಾಕೆ ಕೊಟ್ಟಿರಿ? ಶಾಲೆ ಟಿವಿಗೆ ಪೆನ್‌ಡ್ರೈವ್ ಹಾಕಿದ್ದರೆ ಆಗುತ್ತಿತ್ತು.

ಹಾಸನದ ಮೇಷ್ಟ್ರು: 32 ಇಂಚಿನ ಟಿವಿಯಲ್ಲಿ ಎಪ್ಪತ್ತು ಮಕ್ಕಳಾ? ಹಿಂದಿನ ಬೆಂಚಲ್ಲಿ ನೀವೇ ಕೂತು ನೋಡಿ ಸರ್. ಬಲ್ಬಿನ ಬಿಲ್ ಇದೆ, ಬೇಕಾದರೆ ಹಾಕುತ್ತೇನೆ.

ಮಂಡ್ಯದ ಪಿ.ಟಿ. ಸರ್: ಹಾಕಿ. ಜಿಎಸ್‌ಟಿ ನಂಬರ್ ಸಮೇತ.